ಘಟ್ಟದ ಲಾರಿ ಮತ್ತು ನಾಲ್ಕು ಬೋಲ್ಟು

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಟ್ಟ ಇಳಿಯುವ ರಸ್ತೆ ಗೋವಾಕ್ಕೆ ಕಾಯಿಪಲ್ಯ ಒಯ್ಯುವ ಲಾರಿಗಳ ದಾರಿ. ಮರಳುವಾಗ ಅದೇ ಘಟ್ಟ ಏರಬೇಕು. ಕೆಳಗಿನ ಗೇರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಎದುರುಗಾಳಿ ಸಾಲದು. ಆಯಿಲ್ ಕಾದು ತೆಳ್ಳಗಾಗುತ್ತದೆ. ಆ ಹೊತ್ತಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಬೇರಿಂಗಿಗೆ ಉಜ್ಜದಂತೆ ಕಾಯುವುದು ಪಂಪು ಒತ್ತಿ ಕಳಿಸುವ ಆಯಿಲಿನ ತೆಳು ಪದರವೊಂದೇ. ಆ ಪಂಪನ್ನು ಬ್ಲಾಕಿಗೆ ಹಿಡಿದಿಟ್ಟಿರುವುದು ಬೆರಳಿಗಿಂತ ಸಣ್ಣ ಕೆಲವು ಬೋಲ್ಟುಗಳು. ಲಾರಿಯ ಮಾಲೀಕರು ಟಯರು, ಬ್ರೇಕು, ಕ್ಲಚ್ಚುಗಳ ಬಗ್ಗೆ ಕೇಳುವಷ್ಟು ಈ ಬೋಲ್ಟುಗಳ ಬಗ್ಗೆ ಕೇಳುವುದಿಲ್ಲ. ಕೇಳಬೇಕು. ಅದೂ ಎಂಜಿನ್ ಬಿಚ್ಚಿದ ದಿನವೇ ಕೇಳಬೇಕು, ಏಕೆಂದರೆ ಆಮೇಲೆ ಅವು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲವು ಎಂಜಿನ್‌ಗಳಲ್ಲಿ ಪಂಪು ಆಯಿಲ್ ಸಂಪಿನೊಳಗೆ ಇರುತ್ತದೆ, ಕೆಲವದರಲ್ಲಿ ಮುಂಭಾಗದ ಗೇರ್ ಕವರಿನ ಹಿಂದೆ. ಎಲ್ಲಿದ್ದರೂ ಹೊರಗಿನಿಂದ ಪಾನಾ ಹಾಕಿ ನೋಡುವಂತಿಲ್ಲ. ಬೋಲ್ಟು ಸಡಿಲಾದರೆ ಪಂಪು ತನ್ನ ಜಾಗದಲ್ಲೇ ಸ್ವಲ್ಪ ಅಲುಗಾಡತೊಡಗುತ್ತದೆ. ಗೇರುಗಳ ಹಲ್ಲು ಸರಿಯಾಗಿ ಕೂಡುವುದಿಲ್ಲ. ಜೋಡಣೆಯ ಸಂದಿಯಲ್ಲಿ ಆಯಿಲ್ ಒತ್ತಡ ಸೋರಿಹೋಗುತ್ತದೆ, ಹೀರುವ ಕಡೆಯಲ್ಲಿ ಸಂದಿಯಾದರೆ ಆಯಿಲಿನ ಜೊತೆ ಗಾಳಿಯೂ ಸೇರುತ್ತದೆ. ಬೋಲ್ಟು ಪೂರ್ತಿ ಕಳಚಿದರೆ ಗೇರುಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಕೊನೆಗೆ ಹಾಳಾಗುವುದು ಪಂಪೊಂದೇ ಅಲ್ಲ, ಬೇರಿಂಗು ಮತ್ತು ಕ್ರ್ಯಾಂಕು ಸಹ.

ಬೋಲ್ಟು ಬಿಗಿಯುವುದೆಂದರೆ ಅದನ್ನು ಅಳತೆ ಮೀರದಂತೆ ಹಿಗ್ಗಿಸುವುದು. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಪಂಪನ್ನು ಬ್ಲಾಕಿಗೆ ಒತ್ತಿ ಹಿಡಿಯುವ ಬಲ. ನಮ್ಮ ಲಾರಿಗಳಲ್ಲಿ ಬಹುಕಾಲದಿಂದ ಪರಿಚಿತವಾದ 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಎಂಜಿನನ್ನೇ ನೋಡಿ. ಅದರ ಆಯಿಲ್ ಪಂಪಿಗೆ ನಾಲ್ಕು ಬೋಲ್ಟು. ಮೊದಲು 5 ನ್ಯೂಟನ್ ಮೀಟರ್, ಆಮೇಲೆ 24 ನ್ಯೂಟನ್ ಮೀಟರ್ ಎಂದು ಎರಡು ಹಂತದಲ್ಲಿ ಬಿಗಿಯುವುದು ಕ್ರಮ. 8 ಮಿಲಿಮೀಟರ್ ದಪ್ಪದ ಬೋಲ್ಟು ಅಷ್ಟಕ್ಕೇ ಸುಮಾರು ಒಂದೂವರೆ ಟನ್ ಬಲದಿಂದ ಒತ್ತಿ ಹಿಡಿಯುತ್ತದೆ. ಆದರೆ 30 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ 24 ನ್ಯೂಟನ್ ಮೀಟರ್ ಎಂದರೆ ಬರೀ 8 ಕೆಜಿ ಎಳೆತ. ಗಟ್ಟಿ ಕೈಯ ಮಿಸ್ತ್ರಿ ಅದನ್ನು ದಾಟಿದ್ದು ಅವನಿಗೇ ತಿಳಿಯುವುದಿಲ್ಲ. ಈ ಎಂಜಿನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಪಂಪಿನ ಹಿಂಬದಿಯ ತಟ್ಟೆ ಬ್ಲಾಕಿನ ಗುಂಡಿಯ ತಳಕ್ಕೆ ಕೂತುಕೊಳ್ಳುತ್ತದೆ. ಸರಿಯಾಗಿ ಕೂತಾಗ ಪಂಪಿನ ಅಂಚು ಬ್ಲಾಕಿನ ಮುಖಕ್ಕೆ ತಾಗುವುದೇ ಇಲ್ಲ, ನಡುವೆ ಸಂದಿ ಇರಲೇಬೇಕು. ಇದನ್ನು ತಿಳಿಯದವರು ಸಂದಿ ಮುಚ್ಚಲೆಂದು ಇನ್ನಷ್ಟು ತಿರುಗಿಸಿದರೆ ಅಂಚೇ ಬಿರಿಯಬಹುದು. ಹೆಚ್ಚು ಬಿಗಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ನೇರ ನಷ್ಟ ತರುತ್ತದೆ.

ವರ್ಷಗಟ್ಟಲೆ ಕೆಲಸ ಮಾಡಿದ ಕೈಗೆ ಅಳತೆ ಗೊತ್ತಿರುತ್ತದೆ ಎನ್ನುವವರಿದ್ದಾರೆ. ಆ ಕೈಗೆ ನನ್ನ ಗೌರವವಿದೆ. ಆದರೆ ತಿರುಗಿಸುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಒಂದೇ ಪಾಲು. ಬೋಲ್ಟಿನ ಎಳೆಯಲ್ಲಿ (ಥ್ರೆಡ್) ಧೂಳಿದ್ದರೆ ಒಂದು ಲೆಕ್ಕ, ಆಯಿಲಿದ್ದರೆ ಇನ್ನೊಂದು ಲೆಕ್ಕ. ಕೈಗೆ ಒಂದೇ ತೆರನಾಗಿ ತಾಕಿದರೂ ಹಿಡಿತ ಬೇರೆಯಾಗುತ್ತದೆ. ಟಾರ್ಕ್ ವ್ರೆಂಚ್ ಕೂಡ ಈ ವ್ಯತ್ಯಾಸವನ್ನು ಪೂರ್ತಿ ತೆಗೆಯದು, ಆದ್ದರಿಂದಲೇ ತೂತು ಮತ್ತು ಎಳೆಗಳನ್ನು ಶುಚಿಗೊಳಿಸುವುದು ಬಿಗಿಯುವಷ್ಟೇ ಮುಖ್ಯ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬೋಲ್ಟು ಅದನ್ನೇ ಒತ್ತುತ್ತ ಹೋಗಿ ಲೋಹ ಬಿರಿಯಬಹುದು. ಸ್ಪ್ರಿಂಗ್ ವಾಷರ್ ಇದೆಯಲ್ಲ ಎಂಬುದು ಇನ್ನೊಂದು ಸಮಾಧಾನ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಬೋಲ್ಟು ಬಿಚ್ಚಿಕೊಳ್ಳಲು ದೊಡ್ಡ ಕಾರಣ ಜೋಡಿಸಿದ ಭಾಗಗಳು ಅಡ್ಡಡ್ಡ ಜಾರುವುದೇ ಎಂದು ತೋರಿಸಿದವು. ಸ್ಪ್ರಿಂಗ್ ವಾಷರ್ ಸಣ್ಣ ಬಲಕ್ಕೇ ಚಪ್ಪಟೆಯಾಗಿ ಮಾಮೂಲಿ ವಾಷರಿನಂತೆ ಕೂತುಬಿಡುತ್ತದೆ, ಜಾರುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಸಾಕಷ್ಟು ಬಿಗಿತವೇ ಅದನ್ನು ತಡೆಯಬೇಕು.

ಆಯಿಲ್ ಪ್ರೆಶರ್ ಗೇಜು ಎಚ್ಚರಿಸುತ್ತದೆ ಎನ್ನಬಹುದು. ಎಚ್ಚರಿಸುತ್ತದೆ ನಿಜ, ಆದರೆ ಒತ್ತಡ ಆಗಲೇ ಬಿದ್ದ ಮೇಲೆ. ಮೇಲಿನ ಎಂಜಿನ್ನಿಗೆ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ, ಪೂರ್ಣ ವೇಗದಲ್ಲಿ 30 ಪಿಎಸ್‌ಐ ಒತ್ತಡ ಬೇಕು. ಇದಕ್ಕಿಂತ ಇಳಿದು ಎಚ್ಚರಿಕೆಯ ದೀಪ ಹೊತ್ತಿಕೊಂಡಾಗ ಲಾರಿ ಕಣಕುಂಬಿಯ ಮಳೆಯಲ್ಲಿ ತಿರುವಿನ ನಡುವೆ ಇದ್ದರೆ, ಚಾಲಕ ತಕ್ಷಣ ಎಂಜಿನ್ ನಿಲ್ಲಿಸುವಷ್ಟು ಜಾಗವೂ ಸಿಗಲಿಕ್ಕಿಲ್ಲ. ಖರ್ಚಿನ ಮಾತಿಗೂ ಹುರುಳಿದೆ: ಸಣ್ಣ ಗ್ಯಾರೇಜಿಗೆ ಒಳ್ಳೆಯ ಟಾರ್ಕ್ ವ್ರೆಂಚ್ ದುಬಾರಿ. ಆದರೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಂಥ ಕಡೆ ಎಂಜಿನ್ ಭಾಗಗಳನ್ನು ಅಳೆದು ತಯಾರಿಸುವಷ್ಟು ಕಸುಬು ಇರುವ ಊರಿನಲ್ಲಿ, ಅದೇ ಭಾಗವನ್ನು ಕೂರಿಸುವಾಗ ಮಾತ್ರ ಅಂದಾಜಿಗೆ ಬಿಡುವುದು ಸರಿಯಲ್ಲ. ಗೇರ್ ಕವರ್ ತೆಗೆದ ದಿನ ಹೊಸ ಬೋಲ್ಟುಗಳನ್ನೇ ಹಾಕಿಸಿ, ತಲೆಯ ಮೇಲಿನ ಬಲದ ದರ್ಜೆಯ ಗುರುತು (8.8 ಅಥವಾ 10.9) ಕಂಪನಿ ಹೇಳಿದ್ದಕ್ಕೆ ಹೊಂದುತ್ತದೆಯೇ ನೋಡಿ, ಬಿಗಿದ ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.