ಬಾಯಿಹುಣ್ಣಿಗೆ ಉಪ್ಪುನೀರು

ಯಲಹಂಕ, ಹೆಬ್ಬಾಳ, ಯಶವಂತಪುರ ಮೊದಲಾದ ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಬಾಯಿಹುಣ್ಣಾಯಿತೆಂದರೆ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸೆಂಬ ಮಾತೇ ಹಿರಿಯರಿಂದ ಮೊದಲು ಹೊರಡುವುದು. ಬಾಯಿತುಂಬ ದ್ರವವನ್ನು ನಿಲ್ಲಿಸಿಕೊಳ್ಳುವುದಕ್ಕೆ ಗಂಡೂಷವೆಂದೂ, ಅದನ್ನು ಆಡಿಸಿ ಉಗುಳುವುದಕ್ಕೆ ಕವಲವೆಂದೂ ಆಯುರ್ವೇದದಲ್ಲಿ ಹೆಸರುಂಟು. ಇಂದಿನ ದಂತವೈದ್ಯರೂ ಉಪ್ಪುನೀರಿನ ಉಪಚಾರವನ್ನು ಹೇಳುವರು. ಆದರೆ ಅದು ಯಾವ ಕೆಲಸವನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬೀ ಎರಡನ್ನೂ ನಾವು ಅರಿತಿರಬೇಕು.

ಸಾಮಾನ್ಯವಾದ ಬಾಯಿಹುಣ್ಣು ತುಟಿಯ ಒಳಮೈಯಲ್ಲಿಯೋ ಕೆನ್ನೆಯ ಒಳಭಾಗದಲ್ಲಿಯೋ ನಾಲಗೆಯ ಅಂಚಿನಲ್ಲಿಯೋ ದುಂಡಗೆ ಏಳುವುದು. ನಡುವೆ ಬಿಳುಪು ಅಥವಾ ಹಳದಿ, ಸುತ್ತಲೂ ಕೆಂಪು. ಊಟದಲ್ಲಿ ಕೆನ್ನೆಯನ್ನು ಕಚ್ಚಿಕೊಳ್ಳುವುದು, ಮೊನಚಾದ ಹಲ್ಲಿನ ಉಜ್ಜುವಿಕೆ, ಪರೀಕ್ಷಾಕಾಲದ ಕಳವಳ, ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವಗಳ ಕೊರತೆ, ಇವೆಲ್ಲವೂ ಕಾರಣಗಳಾಗಬಹುದು. ಇದು ಅಂಟುರೋಗವಲ್ಲ. ಸಾಧಾರಣವಾಗಿ 7 ರಿಂದ 14 ದಿನಗಳಲ್ಲಿ ತಾನಾಗಿಯೇ ಮಾಯುವುದು.

ಹಾಗಾದರೆ ಉಪ್ಪುನೀರಿನಿಂದ ಪ್ರಯೋಜನವೇನು? ಹುಣ್ಣನ್ನು ಮಾಯಿಸುವುದು ದೇಹವೇ ಹೊರತು ಉಪ್ಪಲ್ಲ. ಉಪ್ಪುನೀರು ಹುಣ್ಣಿನ ಮೇಲೆ ನಿಂತ ಅನ್ನದ ಅಗುಳು, ಲೋಳೆ, ಸೂಕ್ಷ್ಮಜೀವಿಗಳನ್ನು ತೊಳೆದು, ದೇಹದ ಕೆಲಸಕ್ಕೆ ಸ್ಥಳವನ್ನು ಶುಚಿಗೊಳಿಸುವುದು. ನಮ್ಮ ದೇಹದ್ರವಕ್ಕೆ ಸಮನಾದ ಉಪ್ಪುನೀರಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುವುದು. ಇದಕ್ಕೆ ಸಮೀಪವಾದ ನೀರು ಹಸಿಗಾಯವನ್ನು ನೋಯಿಸದು. ಅತಿಯಾಗಿ ಉಪ್ಪು ಬೆರೆಸಿದರೆ ಅದು ಜೀವಕಣಗಳೊಳಗಿನ ನೀರನ್ನೇ ಹೊರಕ್ಕೆ ಸೆಳೆದು ಉರಿಯನ್ನು ಹೆಚ್ಚಿಸುವುದು. ಆದುದರಿಂದ ಉರಿದಷ್ಟೂ ಗುಣವೆಂದು ಭಾವಿಸಿ ಹುಣ್ಣಿಗೆ ಹರಳುಪ್ಪನ್ನು ಒತ್ತುವುದು ಸರಿಯಲ್ಲ.

ವಿಧಾನವು ಸುಲಭ. ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರು ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿ.ಲೀ. ಇರಲಿ. ಅದರಲ್ಲಿ ಅರ್ಧ ಟೀ ಚಮಚ ಅಡಿಗೆಯ ಪುಡಿಯುಪ್ಪನ್ನು ಪೂರ್ತಿಯಾಗಿ ಕರಗಿಸಬೇಕು. ಒಂದೊಂದು ಗುಟುಕನ್ನು ಅರ್ಧ ನಿಮಿಷದಷ್ಟು ಹೊತ್ತು ಹುಣ್ಣಿನ ಕಡೆಗೆ ಆಡಿಸಿ ಉಗುಳಬೇಕು, ನುಂಗಬಾರದು. ಊಟಗಳಾದ ಮೇಲೂ ಮಲಗುವ ಮುನ್ನವೂ, ದಿನಕ್ಕೆ 3–4 ಸಲ ಮಾಡಿದರೆ ಸಾಕು. ಉಗುಳಲು ತಿಳಿಯದ ಎಳೆಯ ಮಕ್ಕಳಿಗೆ ಇದನ್ನು ಮಾಡಿಸಬಾರದು.

ನೋವಿಗೆ ಹೆದರಿ ಊಟವನ್ನು ಬಿಡುವುದು ಹುಡುಗಿಯರಲ್ಲಿ ಕಾಣುವ ತಪ್ಪು. ಖಾರದ ಸಾರು, ಹುಳಿ, ಕುರುಕಲು ತಿಂಡಿಗಳನ್ನು ಕೆಲದಿನ ಬಿಟ್ಟು, ಆರಿದ ರಾಗಿ ಅಂಬಲಿ, ಮೆತ್ತನೆಯ ಮುದ್ದೆ, ಮೊಸರನ್ನಗಳನ್ನು ತೆಗೆದುಕೊಳ್ಳಬಹುದು. ಹುಣ್ಣು ಪದೇ ಪದೇ ಬರುವವರು ಸೊಪ್ಪು, ಕಾಳು, ಹಾಲು, ಮೊಟ್ಟೆಗಳನ್ನು ಊಟದಲ್ಲಿ ಸೇರಿಸಿ, ರಕ್ತಪರೀಕ್ಷೆಯನ್ನೂ ಮಾಡಿಸುವುದು ಲೇಸು.

ಇನ್ನು ಉಪ್ಪುನೀರಿನ ಮಿತಿಯನ್ನು ಹೇಳಬೇಕು. 3 ವಾರಗಳಾದರೂ ಮಾಯದ ಹುಣ್ಣು, ಗಟ್ಟಿಯಾದ ಅಂಚುಳ್ಳ ಹುಣ್ಣು, ಕಾರಣವಿಲ್ಲದೆ ರಕ್ತ ಒಸರುವ ಹುಣ್ಣು, ಅಳಿಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಇವು ಉಪ್ಪಿಗೆ ಬಗ್ಗತಕ್ಕವಲ್ಲ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಅಗಿಯುವವರಲ್ಲಿ ಇಂಥ ಹುಣ್ಣು ಬಾಯಿಯ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಅದು ಮೊದಮೊದಲು ನೋಯದೆಯೂ ಇರುವುದುಂಟು; ನೋವಿಲ್ಲವೆಂದು ಹಿರಿಯರು ಅಲಕ್ಷ್ಯ ಮಾಡುವರು. ಬೇಗನೆ ಗುರುತಿಸಿದರೆ ಚಿಕಿತ್ಸೆಯು ಫಲಿಸುವ ಸಂಭವ ಹೆಚ್ಚು.

ಸೋದರಿಯರೇ, ನಿಮ್ಮ ಮನೆಯಲ್ಲಿ ಎಲೆಯಡಿಕೆ ಹಾಕುವ ಅಜ್ಜಿಯೋ ತಾತನೋ ಇದ್ದರೆ, ಹಗಲಿನ ಬೆಳಕಿನಲ್ಲಿ ಅವರ ಬಾಯನ್ನೊಮ್ಮೆ ನೋಡಿರಿ. ಸಂಶಯ ಬಂದಲ್ಲಿ ಯಲಹಂಕದ ಸರ್ಕಾರಿ ಆಸ್ಪತ್ರೆಗೋ, ಯಶವಂತಪುರದ ಸಮೀಪದ ರಾಮಯ್ಯ ದಂತವೈದ್ಯಕೀಯ ಕಾಲೇಜಿಗೋ, ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತವೈದ್ಯಕೀಯ ಕಾಲೇಜಿಗೋ ಅವರನ್ನು ತಡಮಾಡದೆ ಕರೆದುಕೊಂಡು ಹೋಗಿರಿ. ಬರಲೊಲ್ಲೆನೆಂದರೆ ಮೆಲ್ಲಗೆ ಒಲಿಸಿರಿ. ಮೊಮ್ಮಗಳ ಮಾತನ್ನು ತೆಗೆದುಹಾಕುವ ಹಿರಿಯರು ವಿರಳ.