ಗಾಳಿಪಟದ ಸೂತ್ರದಿಂದ ಸೊಂಟಪಟ್ಟಿಯವರೆಗೆ

ಆಷಾಢಮಾಸದ ಗಾಳಿ ಬೀಸತೊಡಗಿದೊಡನೆ ಶಿವಮೊಗ್ಗ, ಭದ್ರಾವತಿಗಳ ಬಯಲುಗಳಲ್ಲಿ ಮಕ್ಕಳು ಗಾಳಿಪಟ ಹಾರಿಸುವುದು ವಾಚಕರಿಗೆ ಪರಿಚಿತವಾದ ದೃಶ್ಯ. ಪಟ ಸರಿಯಾಗಿ ಏರದಿದ್ದರೆ ಹುಡುಗನು ಅದನ್ನು ಕೆಳಗಿಳಿಸಿ, ಸೂತ್ರದ ಗಂಟನ್ನು ಅರ್ಧ ಅಂಗುಲ ಮೇಲಕ್ಕೋ ಕೆಳಕ್ಕೋ ಸರಿಸಿ, ಬಾಲಂಗೋಚಿಯನ್ನು ತುಸು ಉದ್ದಮಾಡಿ, ಮತ್ತೆ ಹಾರಿಸುತ್ತಾನೆ. ಈ ತಿದ್ದುಪಡಿ ತಪ್ಪಿದರೆ ನಷ್ಟವಾಗುವುದು ಒಂದು ಹಾಳೆ ಕಾಗದ ಮಾತ್ರ. ಆದರೆ ಮನುಷ್ಯನನ್ನೇ ಎಳೆದೊಯ್ಯುವ ಪಟದ ಉಪಕರಣಗಳನ್ನು ಮನೆಯಲ್ಲಿ ತಿದ್ದಿಕೊಳ್ಳಬಹುದೇ? ಯಾವ ಮಾರ್ಪಾಡು ನಿರಪಾಯ, ಯಾವುದು ಮಾಡತಕ್ಕದ್ದಲ್ಲ? ಇದನ್ನು ಈ ಲೇಖನದಲ್ಲಿ ವಿವೇಚಿಸುತ್ತೇವೆ.

ಪಟದಿಂದ ಎಳೆಸಿಕೊಳ್ಳುವ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಉಪಾಧ್ಯಾಯನಾದ ಜಾರ್ಜ್ ಪೊಕಾಕ್ ಎಂಬಾತನು ಪಟ ಎಳೆಯುವ ಗಾಡಿಗೆ 1826ರಲ್ಲಿಯೇ ಪೇಟೆಂಟ್ ಪಡೆದನು. 1984ರಲ್ಲಿ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸೋದರರು, ಗಾಳಿ ತುಂಬಿದ ಕೊಳವೆಗಳಿಂದ ಆಕಾರ ತಾಳುವ, ನೀರಿಗೆ ಬಿದ್ದರೂ ಮತ್ತೆ ಏಳಬಲ್ಲ ಪಟವೊಂದಕ್ಕೆ ಪೇಟೆಂಟ್ ಕೋರಿದರು. ಅಂಥ ಪಟದ ಸೆಳೆತದಿಂದ ಹಲಗೆಯೇರಿ ನೀರಿನ ಮೇಲೆ ಸಾಗುವ ಆಟವೇ ಕೈಟ್‌ಸರ್ಫಿಂಗ್. 2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಪಟದ ಸ್ಪರ್ಧೆಗೆ ಮೊದಲ ಬಾರಿ ಸ್ಥಾನ ದೊರೆಯಿತು. ನಮ್ಮ ದೇಶದಲ್ಲಿ ರಾಮೇಶ್ವರದ ಸುತ್ತಣ ಕಡಲಿನಲ್ಲಿ ಇದನ್ನು ಕಲಿಸಲಾಗುತ್ತಿದೆ.

ಈ ಉಪಕರಣದ ರಚನೆಯನ್ನು ಎತ್ತಿನ ಗಾಡಿಯ ಸಹಾಯದಿಂದ ಸುಲಭವಾಗಿ ತಿಳಿಯಬಹುದು. ಎತ್ತು ಎಳೆಯುವುದು ನೊಗದಿಂದ. ಅದನ್ನು ತಿರುಗಿಸುವುದು ಮೂಗುದಾರದಿಂದ. ಎಳೆತ ಒಂದೆಡೆ, ನಿಯಂತ್ರಣ ಮತ್ತೊಂದೆಡೆ. ಪಟದಿಂದ ಸಾಮಾನ್ಯವಾಗಿ ನಾಲ್ಕು ಹುರಿಗಳು ಇಳಿದು ಬರುತ್ತವೆ. ಮುಂಚೂಣಿಯ ಎರಡು ಹುರಿಗಳು ಒಂದಾಗಿ, ಹಿಡಿಕೋಲಿನ ನಡುವಣ ರಂಧ್ರದ ಮೂಲಕ ಹಾದು, ಒಂದು ಕುಣಿಕೆಯಲ್ಲಿ ಕೊನೆಗೊಳ್ಳುತ್ತವೆ. ಆ ಕುಣಿಕೆಯನ್ನು ಸವಾರನ ಸೊಂಟಪಟ್ಟಿಯ, ಅಂದರೆ ಹಾರ್ನೆಸ್ಸಿನ, ಕೊಕ್ಕೆಗೆ ಸಿಕ್ಕಿಸಲಾಗುತ್ತದೆ. ಇದು ನೊಗ. ಹಿಂಚೂಣಿಯ ಎರಡು ಹುರಿಗಳು ಹಿಡಿಕೋಲಿನ ಎರಡು ತುದಿಗಳಿಗೆ ಸೇರುತ್ತವೆ. ಇದು ಮೂಗುದಾರ. ಕೋಲನ್ನು ತನ್ನೆಡೆಗೆ ಎಳೆದರೆ ಪಟವು ಗಾಳಿಗೆ ಒಡ್ಡುವ ಕೋನ ಹೆಚ್ಚಿ ಸೆಳೆತವೂ ಹೆಚ್ಚುತ್ತದೆ. ದೂರ ತಳ್ಳಿದರೆ ಎರಡೂ ಕುಗ್ಗುತ್ತವೆ. ಹುಡುಗನು ಸೂತ್ರದ ಗಂಟನ್ನು ಸರಿಸಿ ಒಮ್ಮೆ ಮಾಡುವ ಕೆಲಸವನ್ನೇ ಸವಾರನು ಹಾರಾಟದ ನಡುವೆ ಕ್ಷಣಕ್ಷಣವೂ ಮಾಡುತ್ತಾನೆ.

ಸೆಳೆತದ ಪ್ರಮಾಣವನ್ನು ಈಗ ಗಣಿಸೋಣ. ಗಾಳಿಯ ಸಾಂದ್ರತೆ ಘನಮೀಟರಿಗೆ 1.2 ಕಿಲೋಗ್ರಾಂ, ಪಟದ ವಿಸ್ತೀರ್ಣ 10 ಚದರ ಮೀಟರ್, ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್, ಬಲದ ಗುಣಾಂಕ 1 ಎಂದಿಟ್ಟುಕೊಂಡರೆ ಸೆಳೆತ 384 ನ್ಯೂಟನ್, ಅಂದರೆ ಸುಮಾರು 39 ಕಿಲೋಗ್ರಾಂ ಭಾರಕ್ಕೆ ಸಮ. ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿಯಾಗಿ 157 ಕಿಲೋಗ್ರಾಂ ಆಗುತ್ತದೆ. ಪಟವೇ ವೇಗವಾಗಿ ಚಲಿಸುತ್ತಿದ್ದರೆ ಅದು ಇನ್ನೂ ಏರುತ್ತದೆ. ಇಷ್ಟು ಬಲವು ಕೈಯಲ್ಲಿದ್ದರೆ ಕೈ ಬಿಟ್ಟು ಪಾರಾಗಬಹುದು. ಸೊಂಟಕ್ಕೆ ಕಟ್ಟಿದ್ದರೆ ಪಾರಾಗಲು ಬೇರೊಂದು ಉಪಾಯ ಬೇಕು.

ಆ ಉಪಾಯವೇ ಕುಣಿಕೆಯ ಬಳಿಯಿರುವ ಬಿಡುಗಡೆಯ ಕೀಲು. ಅದನ್ನು ತಳ್ಳಿದೊಡನೆ ಕುಣಿಕೆ ತೆರೆದು ಹಿಡಿಕೋಲು ಮೇಲಕ್ಕೆ ಓಡುತ್ತದೆ. ಪಟವು ಒಂದೇ ಹುರಿಗೆ ಜೋತುಬಿದ್ದು, ಬಾವುಟದಂತೆ ಬಡಿದುಕೊಳ್ಳುತ್ತ ಸೆಳೆತ ಕಳೆದುಕೊಳ್ಳುತ್ತದೆ. ಸವಾರನನ್ನು ಆ ಹುರಿಗೆ ಸೇರಿಸುವ ರಕ್ಷಣಾದಾರವನ್ನೂ ಕೊನೆಗೆ ಕಳಚಬಹುದು. 2020ರಲ್ಲಿ ಪ್ರಕಟವಾದ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನಕವು ಈ ಕೀಲಿನ ಸುರಕ್ಷತೆಗೂ ಪರೀಕ್ಷೆಗೂ ಮೀಸಲಾದದ್ದು.

ಇಷ್ಟನ್ನು ತಿಳಿದ ಮೇಲೆ ಮಾರ್ಪಾಡುಗಳನ್ನು ವಿಂಗಡಿಸುವುದು ಕಷ್ಟವಲ್ಲ. ಸೊಂಟಪಟ್ಟಿ ಉಜ್ಜಿ ನೋಯಿಸಿದರೆ ಒಳಗೆ ಮೆತ್ತೆಯನ್ನಿಡಬಹುದು. ಬಳಕೆಯಿಂದ ಮುಂಚೂಣಿಯ ಹುರಿಗಳು ಹೆಚ್ಚು ಹಿಗ್ಗುವುದುಂಟು; ನಾಲ್ಕನ್ನೂ ಒಂದೇ ಕಂಬಕ್ಕೆ ಸಿಕ್ಕಿಸಿ, ಸಮವಾಗಿ ಎಳೆದು, ಉದ್ದವನ್ನು ಹೋಲಿಸಿ, ತಯಾರಕರು ಒದಗಿಸಿದ ಗಂಟುಗಳಲ್ಲಿಯೇ ಸರಿಪಡಿಸಬಹುದು. ಆದರೆ ಭಾರ ಹೊರುವ ಹೊಲಿಗೆಯನ್ನು ಬಿಚ್ಚಿ ಹೊಲಿಯತಕ್ಕದ್ದಲ್ಲ. ಹುರಿ ಹರಿದರೆ ನಡುವೆ ಗಂಟುಹಾಕಿ ಜೋಡಿಸತಕ್ಕದ್ದಲ್ಲ. ಗಂಟಿನ ತಿರುವಿನಲ್ಲಿ ಕೆಲವೇ ಎಳೆಗಳ ಮೇಲೆ ಭಾರ ಬಿದ್ದು ಹುರಿಯ ಬಲ ಬಹಳವಾಗಿ ಕುಗ್ಗುತ್ತದೆ. ಈ ಹುರಿಗಳ ಪಾಲಿಎಥಿಲೀನ್ ಎಳೆಗಳು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನೊಳಗೇ ಕರಗುವುದರಿಂದ ದೀಪದ ಉರಿಗೆ ಹಿಡಿಯುವುದೂ ಸಲ್ಲದು. ಎಲ್ಲಕ್ಕಿಂತ ಮೋಸದ ಮಾರ್ಪಾಡು ಬೇರೆಯದು: ಕೋಲು ಕೈಗೆಟುಕುವಂತೆ ಇರಲೆಂದು ನಡುಹುರಿಗೆ ಹಾಕುವ ಒಂದು ಪುಟ್ಟ ಗಂಟು. ದಿನವೂ ಅದರಿಂದ ಅನುಕೂಲವೇ. ಆಪತ್ತಿನ ದಿನ ಮಾತ್ರ, ಮೇಲಕ್ಕೆ ಓಡಬೇಕಾದ ಕೋಲು ಆ ಗಂಟಿಗೆ ತಡೆದು ನಿಲ್ಲುತ್ತದೆ. ಕೀಲು ತೆರೆದರೂ ಸೆಳೆತ ತೀರುವುದಿಲ್ಲ.

1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಭದ್ರಾವತಿಯಲ್ಲಿಯೂ, ಎರಡು ಊರುಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿಯೂ, ಇಂಥ ಒಂದು ಉಕ್ಕಿನ ಕೊಕ್ಕೆಯನ್ನು ಬಾಗಿಸಿ ಬೆಸೆಯುವುದು ನಿಪುಣರಿಗೆ ದೊಡ್ಡ ಕೆಲಸವಲ್ಲ. ಕೊರತೆ ಕೈಚಳಕದ್ದಲ್ಲ, ಪರೀಕ್ಷೆಯದು. ನಿಂತ ಭಾರವನ್ನು ಹೊತ್ತ ಬೆಸುಗೆಯು ಉಪ್ಪುನೀರಿನಲ್ಲಿ ತುಕ್ಕು ಹಿಡಿದು, ಸಾವಿರ ಬಾರಿ ಜಗ್ಗಿಸಿಕೊಂಡ ಮೇಲೂ ಹೊತ್ತೀತೆಂದು ಕಣ್ಣಳತೆಯಿಂದ ಹೇಳಲಾಗದು.

ಇದರ ಒಂದಂಶವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ತೋರಿಸಬಹುದು. ಒಂದೇ ಉಂಡೆಯ ದಾರದಿಂದ ಹತ್ತು ತುಂಡುಗಳನ್ನು ಕತ್ತರಿಸಿ, ಐದರ ನಡುವೆ ಒಂದೊಂದು ಗಂಟು ಹಾಕಬೇಕು. ತುದಿಗಳನ್ನು ಕಟ್ಟದೆ ನುಣುಪಾದ ಸರಳುಗಳಿಗೆ ಹಲವು ಸುತ್ತು ಸುತ್ತಿ, ಕೆಳಗಿನ ಸರಳಿಗೆ ತೂಕವನ್ನು ಕ್ರಮವಾಗಿ ಏರಿಸುತ್ತ, ಹರಿಯುವ ಭಾರವನ್ನು ಬರೆದುಕೊಳ್ಳಬೇಕು. ಗಂಟಿನ ದಾರ ಕಡಿಮೆ ಭಾರಕ್ಕೇ, ಗಂಟಿನ ಬಳಿಯಲ್ಲೇ ಹರಿಯುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವರು.

ಕಟ್ಟುವ ಜಾಣ್ಮೆ ನಮ್ಮ ಯುವಕರಲ್ಲಿ ಸಾಕಷ್ಟಿದೆ. ಕಟ್ಟಿದ್ದು ಬೇಕಾದಾಗ ಬಿಟ್ಟುಕೊಳ್ಳುತ್ತದೆಯೇ ಎಂದು ದಡದಲ್ಲಿಯೇ, ಭಾರ ಹೇರಿ, ಪರೀಕ್ಷಿಸುವ ಅಭ್ಯಾಸವನ್ನು ಅದರ ಜೊತೆಗೆ ಬೆಳೆಸುವುದು ಉಪಾಧ್ಯಾಯರ ಹೊಣೆ.