ಸೆರಗು ಸೇರುವ ಜಾಗ

ಮುಂಬೈಯ ಪರೇಲ್‌ನಲ್ಲಿ ಬಹುತೇಕ ಬಟ್ಟೆ ಗಿರಣಿಗಳ ಭೋಂಗಾ, ಅಂದರೆ ಸೈರನ್, ನಿಂತು ದಶಕಗಳೇ ಆದವು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದ ಬಳಿಕ ಈ ಗಿರಣಿ ಪ್ರದೇಶ, ಗಿರಣಗಾಂವ್, ಮತ್ತೆ ಮೊದಲಿನಂತಾಗಲಿಲ್ಲ. ಬಟ್ಟೆ ವ್ಯಾಪಾರ ಮಾತ್ರ ನಿಂತಿಲ್ಲ. ಪರೇಲ್‌ನಿಂದ ದಾದರ್ ಕಡೆ ಹೊರಟರೆ ಸಿಗುವ ಹಿಂದಮಾತಾದ ಸಾಲು ಅಂಗಡಿಗಳಲ್ಲಿ ಇಳಕಲ್ ಸೀರೆ ಕೇಳಿ ನೋಡಿ, ಮುಂದೆ ರಾಶಿಯೇ ಬೀಳುತ್ತದೆ. ಮರಾಠಿ ಅಜ್ಜಿಯರು ಉಡುತ್ತಿದ್ದ ಒಂಬತ್ತು ಗಜದ ಹಳೆಯ ಇರಕಲ್ ಲುಗಡಗಳನ್ನು, ಅಂದರೆ ಇಳಕಲ್ ಸೀರೆಗಳನ್ನೇ, ಹುಡುಕಿಕೊಂಡು ಹೋಗಿ ಕೊಳ್ಳುವವರೂ ಈಗ ಇದ್ದಾರೆ.

ಇವುಗಳಲ್ಲಿ ಬಾಗಲಕೋಟೆ ಜಿಲ್ಲೆಯ ಕುಣಿಮಗ್ಗದಿಂದ ಬಂದದ್ದು ಯಾವುದು, ಪವರ್‌ಲೂಮಿನದು ಯಾವುದು? ಬಣ್ಣ, ದಡಿ, ಚೀಟಿ ಎಲ್ಲವನ್ನೂ ನಕಲು ಮಾಡಬಹುದು. ನಾನಾದರೆ ಮೊದಲು ನೋಡುವುದು ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯ ಜೊತೆ ಅಡ್ಡ ಓಡುವುದು ಹೊಕ್ಕು. ಯಂತ್ರದ ಮಗ್ಗಕ್ಕೆ ನೂರಾರು ಮೀಟರ್ ಹಾಸನ್ನು ಒಂದೇ ಉರುಳೆಗೆ ಸುತ್ತಿ ಕೊಡುತ್ತಾರೆ, ಅದು ಎಡೆಬಿಡದೆ ಓಡಬೇಕು. ಹಾಗಾಗಿ ಸೆರಗು ಬಂದಾಗ ಬದಲಾಗುವುದು ಹೊಕ್ಕಿನ ಬಣ್ಣವಷ್ಟೇ. ಇಳಕಲ್ಲಿನ ನೇಕಾರರು ಹಾಸನ್ನೇ ಬದಲಿಸುತ್ತಾರೆ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಬೇರೆಯೇ ಹಾಸು. ಎರಡು ಕೈಗಳ ಬೆರಳು ಮಡಚಿ ಒಂದಕ್ಕೊಂದು ಸಿಕ್ಕಿಸಿದ ಹಾಗೆ, ಒಡಲಿನ ಎಳೆಗಳ ಕುಣಿಕೆಯೊಳಗೆ ಸೆರಗಿನ ಎಳೆಗಳ ಕುಣಿಕೆ. ತೋಪು ತೆನಿ ಎಂದು ಹೆಸರಾದ ಕೆಲಸ ಇದು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ ಎಂಬುದನ್ನು ನೆನೆದರೆ ಯಂತ್ರ ಯಾಕೆ ಇದರ ಗೊಡವೆಗೆ ಹೋಗುವುದಿಲ್ಲ ಎಂದು ತಿಳಿಯುತ್ತದೆ. ಆರು, ಎಂಟು, ಒಂಬತ್ತು ಗಜ ಎಂದು ಸೀರೆಯ ಅಳತೆಗೇ ಹಾಸು ಹೂಡಬೇಕಾಗುವುದೂ ಇದರಿಂದಲೇ.

ಕುಣಿಕೆಗೆ ತನ್ನದೇ ಕಷ್ಟಗಳಿವೆ. ನೂಲು ಬಾಗಿದ ಕಡೆ ಹೊರಮೈಯ ನಾರುಗಳು ಹೆಚ್ಚು ಹಿಗ್ಗುತ್ತವೆ, ಒಳಮೈಯವು ಕುಗ್ಗುತ್ತವೆ. ನೆಟ್ಟಗಿನ ನೂಲಿಗಿಂತ ಕುಣಿಕೆ ಬೇಗ ಹರಿಯುತ್ತದೆ. ಸಾಲದ್ದಕ್ಕೆ ರೇಷ್ಮೆ ಹತ್ತಿಗಿಂತ ಹೆಚ್ಚು ಹಿಗ್ಗುವ ನಾರು. ಈ ಎರಡನ್ನೂ ಒಂದೇ ಬಿಗಿಯಲ್ಲಿ ಹಿಡಿದಿಡುವುದು ನೇಕಾರರ ಕೈಗೇ ಗೊತ್ತು.

ಇಷ್ಟೆಲ್ಲ ಯಾಕೆ? ಅಪ್ಪಟ ಬಣ್ಣಕ್ಕಾಗಿ. ನೂಲಿನ ಎಳೆಗಳು ತೀರಾ ಸಣ್ಣವಾದ್ದರಿಂದ ಕಣ್ಣು ಅವನ್ನು ಬಿಡಿಬಿಡಿಯಾಗಿ ಕಾಣದೆ ಬೆರೆಸಿ ನೋಡುತ್ತದೆ. ನೀಲಿ ಹಾಸಿನ ಮೇಲೆ ಕೆಂಪು ಹೊಕ್ಕು ಓಡಿಸಿದರೆ ಕಾಣುವುದು ಮಂಕು ನೇರಳೆ. ಹಾಸೂ ಹೊಕ್ಕೂ ಎರಡೂ ಕೆಂಪಾದರೆ ಮಾತ್ರ ಇಳಕಲ್ ಸೆರಗಿನ ಆ ಕೆಂಪು ಬರುತ್ತದೆ. ದಡಿಗೂ ಇದೇ ಹಟ: ಮೂರು ಲಾಳಿ ಹಿಡಿದು, ದಡಿಯ ಹೊಕ್ಕನ್ನು ಒಡಲಿನ ಹೊಕ್ಕಿಗೆ ಕೊಂಡಿ ಹಾಕುತ್ತಾರೆ.

ಇದೇ ಹಟ ಹಿಡಿದವರು ಪೆರುವಿನಲ್ಲಿದ್ದರು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನಾಸ್ಕಾ ಮತ್ತು ವಾರಿ ನೇಕಾರರು ತುಂಡು ತುಂಡು ಹಾಸುಗಳನ್ನು ಆಸರೆ ದಾರಗಳ ಮೇಲೆ ಹೂಡಿ, ಬಣ್ಣ ಬದಲಾದ ಕಡೆಯೆಲ್ಲ ಕುಣಿಕೆ ಸಿಕ್ಕಿಸಿ, ನೇಯ್ದಾದ ಮೇಲೆ ಆಸರೆ ದಾರವನ್ನು ಎಳೆದುಬಿಡುತ್ತಿದ್ದರು. ಹಾಸೂ ಹೊಕ್ಕೂ ಬಣ್ಣದ ಗಡಿ ದಾಟದ ಆ ಬಟ್ಟೆಗಳು ಇಂದು ಮ್ಯೂಸಿಯಮ್ಮುಗಳಲ್ಲಿವೆ. ಇಳಕಲ್ಲಿನ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ಇವರಿಗಿಲ್ಲ. ಕೆಂಪು ಬಣ್ಣವೂ ಬೇರೆ ಬೇರೆ: ಆಂಡೀಸ್‌ನದು ಹೆಚ್ಚಾಗಿ ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳುವಿನದು, ಪಟಕದಂಥ ಲವಣ ಅದನ್ನು ನೂಲಿಗೆ ಅಂಟಿಸುತ್ತದೆ. ಇಳಕಲ್ಲಿನ ಇಂದಿನ ಕೆಂಪು ರಾಸಾಯನಿಕ ಬಣ್ಣ. ಯಂತ್ರದ ಸೀರೆಗೂ ಅದೇ ಬಣ್ಣ ಬೀಳುವುದರಿಂದ ಇಲ್ಲಿ ಬಣ್ಣದ ಪರೀಕ್ಷೆ ನಮಗೆ ಕೆಲಸಕ್ಕೆ ಬಾರದು.

ನಾರಿನ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಸೆರಗಿನ ತುದಿಯ ಒಂದೆಳೆಯನ್ನು ಸುಟ್ಟು ನೋಡಿ. ರೇಷ್ಮೆ ಪ್ರೋಟೀನು, ಸುಟ್ಟ ಕೂದಲಿನ ವಾಸನೆ ಬರುತ್ತದೆ. ಅಗ್ಗದ ಸೀರೆಯ ಆರ್ಟ್ ಸಿಲ್ಕ್ ಮರದ ತಿರುಳಿನಿಂದ ಮಾಡಿದ ವಿಸ್ಕೋಸ್, ಕಾಗದದಂತೆ ಉರಿದುಹೋಗುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಆದರೆ ಕೈಮಗ್ಗದಲ್ಲೂ ಆರ್ಟ್ ಸಿಲ್ಕ್ ನೇಯುತ್ತಾರೆ, ಆದ್ದರಿಂದ ಮಗ್ಗದ ಗುರುತು ನಾರಿನಲ್ಲಿ ಸಿಗದು.

ಅದಕ್ಕೆ ಸೀರೆ ತಿರುವಿ, ಭೂತಗನ್ನಡಿ ಹಿಡಿದು ಆ ಗೆರೆಯನ್ನೇ ನೋಡಬೇಕು. ಒಡಲಿನ ಎಳೆಗಳು ಅಲ್ಲೇ ನಿಂತು ಕೆಂಪು ಎಳೆಗಳಿಗೆ ಜಾಗ ಬಿಟ್ಟಿದ್ದರೆ ಅದು ತೋಪು ತೆನಿ. ಸೆರಗಿನುದ್ದಕ್ಕೂ ನುಗ್ಗಿದ್ದರೆ ಅಲ್ಲ. ಹಳೆಯ ಇಳಕಲ್ ಸೀರೆ ಕತ್ತರಿಸಿ ಚೀಲ, ದಿಂಬಿನ ಕವರು ಹೊಲಿಯುವವರು ಅಂದದ ಸೆರಗನ್ನು ಉಳಿಸಿಕೊಂಡು ಆ ಗೆರೆಗೇ ಕತ್ತರಿ ಇಟ್ಟರೆ ಈ ಗುರುತೂ ಹೋಗಿಬಿಡುತ್ತದೆ.